ಕೋಲಾರದಲ್ಲಿ ಆಡಿದ ಮಾತು

ಸಭೆ ಮುಗಿದ ಮೇಲೆ ಶಾಮಿಯಾನ ಬಿಚ್ಚುತ್ತಾರೆ, ಕುರ್ಚಿಗಳು ಲಾರಿ ಏರುತ್ತವೆ, ಮೈದಾನದಲ್ಲಿ ಹುಡುಗರು ಮತ್ತೆ ಕ್ರಿಕೆಟ್ ಆಡುತ್ತಾರೆ. ಮಾತನ್ನು ಬಿಚ್ಚಿ ಒಯ್ಯುವವರು ಮಾತ್ರ ಯಾರೂ ಇಲ್ಲ.

2019ರ ಏಪ್ರಿಲ್ 13ರಂದು ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ ಹಲವು ವಿಷಯ ಮಾತಾಡಿದರು. ಉಳಿದದ್ದು ಒಂದು ಕುಹಕ: ಕಳ್ಳರಿಗೆಲ್ಲ ಮೋದಿ ಎಂಬ ಹೆಸರೇ ಏಕೆ? ಮಿಕ್ಕ ಭಾಷಣ ಏನಿತ್ತು ಎಂದು ಕೇಳಿದರೆ ಅದನ್ನು ಕೇಳಿದವರೂ ತಡವರಿಸಬಹುದು, ಖಂಡಿಸಿದವರೂ ತಡವರಿಸಬಹುದು.

ಆ ವಾಕ್ಯ ಹುಟ್ಟಿದ್ದು ಕೋಲಾರದಲ್ಲಿ. ದೂರು ದಾಖಲಾದದ್ದು ಸೂರತ್‌ನಲ್ಲಿ. ಶಿಕ್ಷೆಯಾದದ್ದು 2023ರ ಮಾರ್ಚ್ 23ರಂದು. ಸದಸ್ಯತ್ವ ಹೋದದ್ದು ಮರುದಿನ ದೆಹಲಿಯಲ್ಲಿ. ಸಂಸದನಿಲ್ಲದೆ ಉಳಿದದ್ದು ವಯನಾಡ್. ಮಾತು ಹೊರಡುವ ಊರು ಗೊತ್ತಿರುತ್ತದೆ, ತಲುಪುವ ಊರು ಗೊತ್ತಿರುವುದಿಲ್ಲ.

ಕೋಲಾರದ ಕಡೆ ಬಹಳ ಮಂದಿಯ ಹೆಸರಿನ ಮುಂದೆ ಇರುವುದು ಇನಿಷಿಯಲ್: ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಅಡ್ಡಹೆಸರಿನ ಚಟಾಕಿಯನ್ನು ಅಡ್ಡಹೆಸರಿನ ರೂಢಿಯೇ ಕಡಿಮೆ ಇರುವ ಜನರ ಮುಂದೆ ಹಾರಿಸಲಾಯಿತು. ಮುಖ ಮೈದಾನದ ಕಡೆಗಿತ್ತು, ಮಾತು ಕ್ಯಾಮೆರಾದ ಕಡೆಗಿತ್ತು.

ವೇದಿಕೆಯಿಂದ ಸಾವಿರ ಮುಖ ಕಾಣುತ್ತವೆ. ಎಲ್ಲರಿಗಿಂತ ಶ್ರದ್ಧೆಯಿಂದ ಕೇಳುವವನು ಅವುಗಳಲ್ಲಿ ಇಲ್ಲ. ಅವನು ಚುನಾವಣಾ ಆಯೋಗದ ವಿಡಿಯೊ ತಂಡದವನು. ಚಪ್ಪಾಳೆ ತಟ್ಟುವುದಿಲ್ಲ, ನಡುವೆ ಎದ್ದು ಹೋಗುವುದಿಲ್ಲ, ಮರೆಯುವುದಿಲ್ಲ.

ಚಪ್ಪಾಳೆಯಲ್ಲಿ ಸಾವಿರ ಜನ ಪಾಲುದಾರರು. ಕಟಕಟೆಯಲ್ಲಿ ಒಬ್ಬನೇ.

ಮಾನಹಾನಿಗೆ ಆಗಿನ ದಂಡಸಂಹಿತೆಯಲ್ಲಿದ್ದ ಗರಿಷ್ಠ ಶಿಕ್ಷೆ ಎರಡು ವರ್ಷ. ಸಂಸದ ಸ್ಥಾನ ಕಳೆದುಕೊಳ್ಳಲು ಬೇಕಾದ ಕನಿಷ್ಠ ಶಿಕ್ಷೆಯೂ ಎರಡು ವರ್ಷ. ಒಂದು ದಿನ ಕಡಿಮೆಯಾಗಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಸುಪ್ರೀಂ ಕೋರ್ಟ್ ಗಮನಿಸಿತು. 2023ರ ಆಗಸ್ಟ್ 4ರಂದು ದೋಷಿ ಎಂಬ ತೀರ್ಪಿಗೆ ತಡೆ ಕೊಟ್ಟ ಅದೇ ಪೀಠ, ಆ ಮಾತು ಸದಭಿರುಚಿಯದಲ್ಲ, ಸಾರ್ವಜನಿಕ ಜೀವನದಲ್ಲಿರುವವರು ಎಚ್ಚರದಿಂದ ಮಾತಾಡಬೇಕು ಎಂದೂ ಹೇಳಿತು. ಒಂದು ಕಡೆಯವರು ಮೊದಲ ಭಾಗವನ್ನು ಓದಿಕೊಂಡರು, ಇನ್ನೊಂದು ಕಡೆಯವರು ಎರಡನೆಯದನ್ನು. ಆದೇಶ ಒಂದೇ ಇತ್ತು.

ಪೂರ್ತಿ ಭಾಷಣ ಕೇಳಿದವನಿಗೆ ಅಭಿಪ್ರಾಯ ತಡವಾಗಿ ಬರುತ್ತದೆ. ತುಣುಕು ನೋಡುವವನಿಗೆ ಅದು ಮೊದಲೇ ಬಂದಿರುತ್ತದೆ. ತುಣುಕನ್ನು ಅವನು ಹುಡುಕಿ ತಂದಿರುತ್ತಾನೆ.

ತುಣುಕಿನಲ್ಲಿ ಸುಳ್ಳಿಲ್ಲ. ಎಲ್ಲಿಂದ ಕತ್ತರಿಸಿದರು, ಎಲ್ಲಿಗೆ ನಿಲ್ಲಿಸಿದರು ಎಂಬುದರಲ್ಲಿ ಇದೆ.

ಪಕ್ಷಪಾತಿ ಪತ್ರಿಕೆ ಸುಳ್ಳು ಬರೆಯಲೇಬೇಕೆಂದಿಲ್ಲ. ಯಾವ ನಿಜ ಮುಖಪುಟಕ್ಕೆ, ಯಾವ ನಿಜ ಒಂಬತ್ತನೇ ಪುಟದ ಮೂಲೆಗೆ ಎಂದು ತಿಳಿದಿದ್ದರೆ ಸಾಕು.

ಒಂದು ಸಭೆಯಲ್ಲಿ ಚಪ್ಪಾಳೆ ತಂದ ಬೈಗುಳ ಮುಂದಿನ ಸಭೆಗೆ ಸಾಲದು.

2023ರ ಏಪ್ರಿಲ್ ಕೊನೆಯ ವಾರ. ಉತ್ತರ ಕರ್ನಾಟಕದ ಸಭೆಯೊಂದರಲ್ಲಿ ಮಲ್ಲಿಕಾರ್ಜುನ ಖರ್ಗೆ ಪ್ರಧಾನಿಯನ್ನು ವಿಷಸರ್ಪಕ್ಕೆ ಹೋಲಿಸಿದರು. ಆಮೇಲೆ, ಹೇಳಿದ್ದು ಸಿದ್ಧಾಂತದ ಬಗ್ಗೆ ಎಂದರು. ಬೆನ್ನಲ್ಲೇ ಆಗ ಬಿಜೆಪಿಯಲ್ಲಿದ್ದ ಬಸನಗೌಡ ಪಾಟೀಲ ಯತ್ನಾಳ ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಎಂದರು. ಏಪ್ರಿಲ್ 30ರಂದು ಕೋಲಾರಕ್ಕೆ ಬಂದ ನರೇಂದ್ರ ಮೋದಿ, ಹಾವು ಶಿವನ ಕೊರಳಲ್ಲಿರುತ್ತದೆ, ತಮಗೆ ಜನರೇ ಶಿವ ಎಂದರು. ರಾಜ್ಯದ 224 ಕ್ಷೇತ್ರಗಳಲ್ಲೂ ಕೆಲವು ದಿನ ಹಾವೇ ಅಭ್ಯರ್ಥಿ.

ಜಾಣ ರಾಜಕಾರಣಿ ಬೈಗುಳವನ್ನು ಒರೆಸಿಕೊಳ್ಳುವುದಿಲ್ಲ, ತೊಟ್ಟುಕೊಳ್ಳುತ್ತಾನೆ. ಬೈದವನು ವಿವರಣೆ ಕೊಡುತ್ತ ಹಿಂದೆ ಸರಿಯುವಾಗ ಬೈಸಿಕೊಂಡವನು ಅದೇ ಮಾತು ಹೇಳಿಕೊಂಡು ಮತ ಕೇಳುತ್ತಿರುತ್ತಾನೆ.

2019ರಲ್ಲಿ ಕುಹಕ ಆಡಿದವರ ಪಕ್ಷ ಐದೇ ದಿನಗಳ ನಂತರ ನಡೆದ ಮತದಾನದಲ್ಲಿ ಕೋಲಾರವನ್ನು ಕಳೆದುಕೊಂಡಿತು. 1991ರಿಂದ ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2023ರಲ್ಲಿ ಹಾವಿನ ಉತ್ತರ ಕೊಟ್ಟವರ ಪಕ್ಷಕ್ಕೆ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಒಂದೂ ದಕ್ಕಲಿಲ್ಲ. ಎರಡೂ ಭಾಷಣಗಳನ್ನು ದೇಶ ಚರ್ಚಿಸಿತು. ಕೇಳಿದ ಊರು ಎರಡು ಸಲವೂ ಬೇರೆ ಏನನ್ನೋ ಯೋಚಿಸಿತ್ತು.

ಸೂರತ್ ನ್ಯಾಯಾಲಯಕ್ಕೆ ನಾಲ್ಕು ವರ್ಷ ಬೇಕಾಯಿತು. ಕೋಲಾರಕ್ಕೆ ಐದು ದಿನ.

ಭಾಷಣ ಕೇಳಲು ಬಂದವರೆಲ್ಲ ಮತ ಹಾಕುವವರಲ್ಲ. ಶ್ರೀನಿವಾಸಪುರ ಇದನ್ನು ಸರಿಯಾಗಿ ಕಲಿಸುತ್ತದೆ. ರಾಜ್ಯದ ನುರಿತ ಮಾತುಗಾರರಲ್ಲಿ ಒಬ್ಬರಾದ ಕೆ.ಆರ್. ರಮೇಶ್ ಕುಮಾರ್ ಅಲ್ಲಿ 1978ರಿಂದ ಗೆಲ್ಲುತ್ತಲೂ ಇದ್ದಾರೆ, ಸೋಲುತ್ತಲೂ ಇದ್ದಾರೆ. ಒಂದು ಸಲ ಅವರು, ಮುಂದಿನ ಸಲ ಜಿ.ಕೆ. ವೆಂಕಟಶಿವಾರೆಡ್ಡಿ. 2018ರಲ್ಲಿ ಒಮ್ಮೆ ಮಾತ್ರ ಸರದಿ ತಪ್ಪಿತು. 2023ರಲ್ಲಿ ಮತ್ತೆ ರೆಡ್ಡಿಯವರು. ಕ್ಷೇತ್ರ ಒಬ್ಬರ ಮಾತನ್ನು ಮೆಚ್ಚಿಕೊಂಡೇ ಇನ್ನೊಬ್ಬರಿಗೆ ಮತ ಕೊಡಬಲ್ಲದು. ಇದು ವಿಶ್ಲೇಷಕರಿಗೆ ಅರ್ಥವಾಗುವುದಿಲ್ಲ, ಏಕೆಂದರೆ ಅವರು ಅಲ್ಲಿಗೆ ಎಣಿಕೆಯ ದಿನ ಮಾತ್ರ ಬರುತ್ತಾರೆ.

ಮಾತು ಬಲ್ಲವನಿಗೆ ಅಪಾಯ ಹೆಚ್ಚು. ಅದೇ ರಮೇಶ್ ಕುಮಾರ್ 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅತ್ಯಾಚಾರದ ಹೋಲಿಕೆಯೊಂದನ್ನು ಆಡಿದರು, ಮರುದಿನ ಕ್ಷಮೆ ಕೇಳಿದರು. ನಲವತ್ತು ವರ್ಷದ ವಾಗ್ಮಿತೆಯನ್ನು ಅರ್ಧ ನಿಮಿಷದ ತುಣುಕು ಹಿಂದಿಕ್ಕಿತು. ಇಲ್ಲಿ ಮಾಧ್ಯಮದ ತಪ್ಪಿಲ್ಲ.

ಮಾಧ್ಯಮ ತಿರುಚಿತು ಎಂಬ ದೂರಿನಲ್ಲಿ ಅರ್ಧ ಸಲ ನಿಜವಿರುತ್ತದೆ. ಇನ್ನರ್ಧ ಸಲ ಮಾಧ್ಯಮ ತಿರುಚದೆ ಬಿಟ್ಟದ್ದೇ ದೂರು.

ಪ್ರಚಾರ ಶುರುವಾಗುವುದು ಕುರುಡುಮಲೆಯ ಗಣಪತಿ ಗುಡಿಯಿಂದ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಯಾತ್ರೆ, 2022ರ ನವೆಂಬರ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಪಂಚರತ್ನ, 2023ರ ಫೆಬ್ರುವರಿಯಲ್ಲಿ ಡಿ.ಕೆ. ಶಿವಕುಮಾರ್ ಅವರ ಪ್ರಜಾಧ್ವನಿ. ಎದುರಾಳಿಗಳ ಹರಕೆಯನ್ನೆಲ್ಲ ಕೇಳಿಸಿಕೊಂಡು ಯಾರ ಪರವೂ ಹೇಳಿಕೆ ಕೊಡದವನು ಈ ಜಿಲ್ಲೆಯಲ್ಲಿ ಆ ಗಣಪತಿ ಒಬ್ಬನೇ.

ಕ್ಯಾಮೆರಾ ಗರ್ಭಗುಡಿಯ ಬಾಗಿಲವರೆಗೂ ಬರುತ್ತದೆ. ಊರ ಶಾಲೆಯವರೆಗೆ ಬರುವುದಿಲ್ಲ.

ದೊಡ್ಡ ಸಭೆಯ ಭಾಷಣ ಹಿಂದಿ ಅಥವಾ ಕನ್ನಡ. ಹಳ್ಳಿಯ ಅರಳಿಕಟ್ಟೆಯ ಪ್ರಚಾರ ಬಹುಮಟ್ಟಿಗೆ ತೆಲುಗು. ಕ್ಯಾಮೆರಾ ಮೊದಲನೆಯದಕ್ಕೆ ಹೋಗುತ್ತದೆ, ಮತ ಎರಡನೆಯದಕ್ಕೆ.

2023ರ ಜನವರಿ 9ರಂದು ಸಿದ್ದರಾಮಯ್ಯ ಕೋಲಾರದಿಂದ ಸ್ಪರ್ಧಿಸುವುದಾಗಿ ಘೋಷಿಸಿದರು. ಮೂರು ತಿಂಗಳು ಕೋಲಾರ ಪ್ರತಿ ಸಂಜೆ ಸುದ್ದಿಯಲ್ಲಿತ್ತು: ನಿಲ್ಲುತ್ತಾರೋ, ಇಲ್ಲವೋ. ಕೊನೆಗೆ ಅವರು ವರುಣಾದಲ್ಲಿ ನಿಂತರು. ಕೋಲಾರದಲ್ಲಿ ಕೊತ್ತೂರು ಮಂಜುನಾಥ್ ನಿಂತು ಗೆದ್ದರು. ಆ ಮೂರು ತಿಂಗಳಲ್ಲಿ ಕೋಲಾರದ ಬಗ್ಗೆ ರಾಜ್ಯಕ್ಕೆ ತಿಳಿದದ್ದು ಅಲ್ಲಿಯ ಜಾತಿ ಲೆಕ್ಕ ಮಾತ್ರ.

ಸ್ಪರ್ಧಿಸಬಹುದಾದವರ ಬಗ್ಗೆ ನೂರು ಗಂಟೆ ಚರ್ಚೆ, ಸ್ಪರ್ಧಿಸಿದವರ ಬಗ್ಗೆ ಒಂದು ಸಾಲು. ಊಹೆಗೆ ವರದಿಗಾರನನ್ನು ಕಳಿಸಬೇಕಿಲ್ಲ, ಸ್ಟುಡಿಯೊ ಸಾಕು. ಅದಕ್ಕೇ ಊಹೆ ಅಗ್ಗ.

ನದಿಯಿಲ್ಲದ ಜಿಲ್ಲೆ. ಪಾಲಾರ್ ಹೆಸರಿಗೆ ಇಲ್ಲಿದೆ, ನೀರಿಗೆ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ಬಂದ ನೀರಿನಲ್ಲಿ ಫ್ಲೋರೈಡ್ ಇದೆ. ವೇದಿಕೆಯ ಮೇಲೆ ಬಾಟಲಿ ನೀರು, ವೇದಿಕೆಯಿಂದ ಬರುವುದು ನೀರಾವರಿಯ ಭಾಷಣ.

2014ರ ಮಾರ್ಚ್‌ನಲ್ಲಿ, ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ, ಕೋಲಾರಕ್ಕೂ ನೀರು ತರಬೇಕಾದ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ಆಗಿನ ಅಂದಾಜು ಸುಮಾರು 12,900 ಕೋಟಿ ರೂಪಾಯಿ. ಪರಿಷ್ಕೃತ ಅಂದಾಜು 23,000 ಕೋಟಿಗೂ ಮೇಲೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಅಂದು ನೀರು ಹರಿದದ್ದು ಹಾಸನ ಜಿಲ್ಲೆಯಲ್ಲಿ, ಕೋಲಾರಕ್ಕೆ ಹರಿದುಬಂದದ್ದು ನೇರಪ್ರಸಾರ.

ನಿಜವಾಗಿ ಬಂದ ನೀರು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ. 2018ರಿಂದ ಕೆ.ಸಿ. ವ್ಯಾಲಿ ಕೊಳವೆಯಲ್ಲಿ ಬಂದು ಕೆರೆ ತುಂಬುತ್ತಿದೆ. ಎರಡನೇ ಹಂತದ ಸಂಸ್ಕರಣೆ ಸಾಕು ಎಂದರು ಆಡಳಿತದವರು, ಮೂರನೆಯದೂ ಬೇಕು ಎಂದರು ಹೋರಾಟಗಾರರು. ಇಬ್ಬರನ್ನೂ ಕೂರಿಸಿ ಅಂಕಿ ಕೇಳಿದ ಚರ್ಚೆ ಅಪರೂಪ. ನೊರೆ ಬಂದ ದಿನ ಕ್ಯಾಮೆರಾ ಬಂದಿತ್ತು. ನೊರೆ ಚೆನ್ನಾಗಿ ಕಾಣುತ್ತದೆ.

2016ರ ಮಾರ್ಚ್‌ನಲ್ಲಿ ಬಯಲುಸೀಮೆಯ ರೈತರು ಶಾಶ್ವತ ನೀರಾವರಿ ಕೇಳುತ್ತ ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೋದರು. ರಾಜಧಾನಿಗೆ ಅದು ಸಂಚಾರ ದಟ್ಟಣೆಯ ಸುದ್ದಿ. ಇಪ್ಪತ್ತು ವರ್ಷ ನೀರಿಲ್ಲದೆ ಕಾದವರಿಗಿಂತ ಎರಡು ಗಂಟೆ ಸಿಗ್ನಲಿನಲ್ಲಿ ಕಾದವರ ಸಂಕಟ ದೊಡ್ಡದಾಗಿ ಕಂಡಿತು. ಯಾವ ಪಕ್ಷದ ಪರವೂ ಅಲ್ಲದ ಈ ಪಕ್ಷಪಾತಕ್ಕೆ ಯಾವ ಆಯೋಗವೂ ನೋಟಿಸ್ ಕೊಡುವುದಿಲ್ಲ.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ದೇಶದ ಕ್ಯಾಮೆರಾಗಳೆಲ್ಲ ಬಂದವು. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳಲ್ಲಿ ಅದು ಜಿಲ್ಲಾ ಪುಟದ ಸುದ್ದಿ. ಕೊಳ್ಳುವವನು ಅತ್ತರೆ ರಾಷ್ಟ್ರ, ಬೆಳೆದವನು ಅತ್ತರೆ ಜಿಲ್ಲೆ.

ಮಂಡಿಯಲ್ಲಿ ಬಾಕ್ಸಿನ ಮೇಲಿನ ಸಾಲಿಗೆ ಒಳ್ಳೆಯ ಹಣ್ಣು ಜೋಡಿಸಿದಂತೆ ಸುದ್ದಿಗೆ ತಲೆಬರಹ. ವ್ಯಾಪಾರಿ ಬಾಕ್ಸು ಸುರಿದು ನೋಡುತ್ತಾನೆ. ಓದುಗ ಸುರಿಯುವುದಿಲ್ಲ.

ಚುನಾವಣೆ ಏಪ್ರಿಲ್, ಮೇ. ಶ್ರೀನಿವಾಸಪುರದ ಮಾವು ಮಂಡಿ ತುಂಬುವುದು ಅದರ ನಂತರ. ಭರವಸೆ ಕೊಡುವಾಗ ಕಾಯಿ ಮರದಲ್ಲಿರುತ್ತದೆ. ಬೆಲೆ ಬೀಳುವಾಗ ಭರವಸೆ ಕೊಟ್ಟವನು ಸದನದಲ್ಲಿರುತ್ತಾನೆ.

ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅದನ್ನು ತೆರೆಸುವ ಭರವಸೆ ಮುಚ್ಚಿಲ್ಲ.

ಕೆಜಿಎಫ್ ಎಂದರೆ ದೇಶಕ್ಕೆ ಒಂದು ಸಿನಿಮಾ. ಅಲ್ಲಿರುವವರಿಗೆ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು.

2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ತಕರಾರು ದಾಂಧಲೆಯಾಯಿತು. ಪೊಲೀಸ್ ದೂರಿನಲ್ಲಿ ಬಂದ ನಷ್ಟದ ಅಂಕಿ 437 ಕೋಟಿ ರೂಪಾಯಿ. ಕೆಲವೇ ದಿನಗಳಲ್ಲಿ ಕಂಪನಿಯೇ ತೈವಾನಿನಲ್ಲಿ ಕೊಟ್ಟ ಅಂದಾಜು ಅದರ ಸಣ್ಣ ಪಾಲು, 26ರಿಂದ 52 ಕೋಟಿ. ಮೊದಲ ಅಂಕಿ ಮುಖಪುಟ ಸೇರಿತು. ಎರಡನೆಯದು ಸೇರಬೇಕಾದ ಪುಟ ಅಷ್ಟರಲ್ಲಿ ಬೇರೆ ಸುದ್ದಿಗೆ ಹೋಗಿತ್ತು.

ತಪ್ಪು ಸುದ್ದಿ ಸಂಜೆಗೆ ಊರು ಸುತ್ತಿ ಬರುತ್ತದೆ. ತಿದ್ದುಪಡಿಗೆ ಬಸ್ಸೇ ಇಲ್ಲ.

ಚುನಾವಣಾ ಚರ್ಚೆಯಲ್ಲಿ ಪರದೆಯ ಮೇಲೆ ಎಂಟು ಮುಖ. ಎಂಟೂ ಒಟ್ಟಿಗೆ ಮಾತಾಡುತ್ತವೆ. ಯಾರ ಮಾತೂ ಕೇಳದಂತೆ ನೋಡಿಕೊಳ್ಳುವುದಕ್ಕೇ ನಿರೂಪಕ ನಡುವೆ ಕೂತಿದ್ದಾನೆ ಎನಿಸುತ್ತದೆ.

ನಿರೂಪಕ ಒಂದು ಪಕ್ಷದವನಿಗೆ ಪ್ರಶ್ನೆ ಕೇಳುತ್ತಾನೆ, ಇನ್ನೊಂದು ಪಕ್ಷದವನಿಗೆ ಅವಕಾಶ ಕೊಡುತ್ತಾನೆ. ಧ್ವನಿ ಆಫ್ ಮಾಡಿ ನೋಡಿದರೂ ಯಾರಿಗೆ ಯಾವುದು ಎಂದು ತಿಳಿಯುತ್ತದೆ.

ಪ್ರಶ್ನೆ ಕೇಳಲು ಹೆದರುವ ಮಾಧ್ಯಮಕ್ಕಿಂತ ವಿರೋಧಪಕ್ಷಕ್ಕೆ ಮಾತ್ರ ಪ್ರಶ್ನೆ ಕೇಳುವ ಮಾಧ್ಯಮ ಅಪಾಯಕಾರಿ. ಮೊದಲನೆಯದರ ಅಂಜಿಕೆ ಎದ್ದು ಕಾಣುತ್ತದೆ. ಎರಡನೆಯದರದು ಧೈರ್ಯದ ವೇಷದಲ್ಲಿರುತ್ತದೆ.

ದೂರದರ್ಶನ, ಆಕಾಶವಾಣಿಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಚುನಾವಣೆಯ ಹೊತ್ತಿನಲ್ಲಿ ಉಚಿತ ಸಮಯ ಉಂಟು, ಹಂಚಿಕೆಗೆ ನಿಯಮವೂ ಉಂಟು. ಸಮಯ ಲೆಕ್ಕವಿಟ್ಟು ಹಂಚಿದ ಕಡೆ ನೋಡುವವರು ಕಡಿಮೆ. ನೋಡುವವರು ತುಂಬಿರುವ ಕಡೆ ಲೆಕ್ಕವಿಲ್ಲ.

ಎರಡೂ ಕಡೆಯ ಮಾತನ್ನು ಪ್ರಸಾರ ಮಾಡಬೇಕು ಎಂಬ ನಿಯಮ ಅಮೆರಿಕದಲ್ಲಿ 1949ರಿಂದ ಇತ್ತು, 1987ರಲ್ಲಿ ಕೈಬಿಟ್ಟರು. ನಾವು ಅಂಥ ನಿಯಮವನ್ನು ಖಾಸಗಿ ವಾಹಿನಿಗಳಿಗೆ ತರಲೇ ಇಲ್ಲ, ಆದ್ದರಿಂದ ಕೈಬಿಡುವ ಕಷ್ಟವೂ ಬರಲಿಲ್ಲ.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ಜಿಲ್ಲೆ ಕವಿಯೆಂದು ಪೂಜಿಸುತ್ತದೆ. ಅವರ ಹೊಟ್ಟೆಪಾಡು ಪತ್ರಿಕೋದ್ಯಮ. 1913ರಲ್ಲಿ ಇಂಗ್ಲಿಷಿನಲ್ಲಿ ‘ಕರ್ಣಾಟಕ’ ಪತ್ರಿಕೆ ತೆಗೆದರು. ಓದುಗನನ್ನು ಪ್ರಜೆಯಾಗಿಸಲು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಪ್ರತಿಮೆಗೆ ಹಾರ ಹಾಕುವ ರಾಜಕಾರಣಿಗೆ ಕವಿ ಸಾಕು, ಪತ್ರಕರ್ತ ಬೇಡ.

1970ರಲ್ಲಿ ಸನ್ಮಾನವಾಗಿ ಬಂದ ಹಣವನ್ನು ಡಿವಿಜಿ ಗೋಖಲೆ ಸಂಸ್ಥೆಗೇ ಕೊಟ್ಟರು. ಪತ್ರಕರ್ತನ ಕೈಗೆ ಹಣ ಬಂದ ಸುದ್ದಿಯನ್ನು ತಲೆಯೆತ್ತಿ ಓದಬಹುದಾದ ಅಪರೂಪದ ಸಂದರ್ಭ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮಾಸ್ತಿ ಊರು ಮಾಲೂರು ತಾಲ್ಲೂಕಿನದು. ಅಧಿಕಾರ ಬಿಟ್ಟುಬಂದ ಮೇಲೆ ಎರಡು ದಶಕ ‘ಜೀವನ’ ಮಾಸಪತ್ರಿಕೆಯ ಸಂಪಾದಕರಾಗಿದ್ದರು. ಅಧಿಕಾರ ಬಿಟ್ಟು ಪತ್ರಿಕೆಗೆ ಬಂದವರು ಆಗಿದ್ದರು. ಪತ್ರಿಕೆಯಿಂದ ಅಧಿಕಾರಕ್ಕೆ ಹೋಗುವವರು ಈಗಿದ್ದಾರೆ.

1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳನ್ನು ಹಿಡಿದಿಡಲು ಕಾನೂನು ತಂದಿತು. 1975ರಲ್ಲಿ ದೆಹಲಿ ಸರ್ಕಾರ ಸೆನ್ಸಾರ್ ತಂದಿತು. ಡಿವಿಜಿ ತೀರಿಕೊಂಡದ್ದು ಆ ಸೆನ್ಸಾರಿನ ದಿನಗಳಲ್ಲೇ, ಅಕ್ಟೋಬರ್ 7ರಂದು. ಇಂದಿನ ಸರ್ಕಾರಗಳು ಜಾಹೀರಾತು ಕೊಡುತ್ತವೆ. ಮೂರರಲ್ಲಿ ಕಡಿಮೆ ಖರ್ಚಿನದು ಯಾವುದೋ, ಹೆಚ್ಚು ಫಲ ಕೊಟ್ಟದ್ದು ಮಾತ್ರ ಕೊನೆಯದು.

ಬಾಯಿ ಮುಚ್ಚಿಸಿದರೆ ಖಾಲಿ ಸಂಪಾದಕೀಯ ಸಿಗುತ್ತದೆ, ಓದುಗನಿಗೆ ವಿಷಯ ತಿಳಿಯುತ್ತದೆ. ಬಾಯಿ ತುಂಬಿಸಿದರೆ ಪುಟ ತುಂಬಿರುತ್ತದೆ.

ತಾಲ್ಲೂಕು ವರದಿಗಾರನೇ ಜಾಹೀರಾತನ್ನೂ ತರಬೇಕು ಎಂಬ ಕಡೆ, ಬೆಳಿಗ್ಗೆ ಯಾರ ಬಗ್ಗೆ ಬರೆಯಬೇಕೋ ಸಂಜೆ ಅವರ ಮನೆಯ ಮುಂದೆ ಬಿಲ್ ಹಿಡಿದು ನಿಲ್ಲಬೇಕು. ಅವನನ್ನು ಪಕ್ಷಪಾತಿ ಎನ್ನುವ ಮುನ್ನ ಅವನ ಸಂಬಳ ಎಷ್ಟೆಂದು ಯಾರೂ ವಿಚಾರಿಸಿಲ್ಲ.

ವಿಧಾನಸಭೆ ಅಭ್ಯರ್ಥಿ 40 ಲಕ್ಷ, ಲೋಕಸಭೆ ಅಭ್ಯರ್ಥಿ 95 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಸ್ಟಾರ್ ಪ್ರಚಾರಕನ ಹೆಲಿಕಾಪ್ಟರ್ ಆ ಲೆಕ್ಕಕ್ಕೆ ಸೇರದು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನೆಲದ ಮೇಲೆ ಕುಡಿದ ಟೀಗೆ ಲೆಕ್ಕವಿದೆ, ಆಕಾಶಕ್ಕೆ ಇಲ್ಲ.

ಹೆಲಿಕಾಪ್ಟರ್ ದೂಳೆಬ್ಬಿಸಿದ್ದನ್ನು ನೋಡಲು ಬಂದ ಹುಡುಗರನ್ನೂ ಜನಸಾಗರದಲ್ಲಿ ಸೇರಿಸಿ ಎಣಿಸುತ್ತಾರೆ.

ಒಂದೇ ಸಭೆ. ಒಂದು ಪತ್ರಿಕೆಯಲ್ಲಿ ಜನಸಾಗರ, ಇನ್ನೊಂದರಲ್ಲಿ ಖಾಲಿ ಕುರ್ಚಿ. ಎರಡೂ ಫೋಟೊ ಅಸಲಿ; ತೆಗೆದ ಹೊತ್ತು ಮಾತ್ರ ಬೇರೆ.

ಬಸ್ಸು ಕಳಿಸಿ ಕರೆಸಿದ ಜನ ಊಟದ ಹೊತ್ತಿಗೆ ಎದ್ದರು ಎಂದು ಬರೆಯುವವನು ಅವರ ಕೂಲಿಯ ದಿನ ಎಷ್ಟಕ್ಕೆ ಹೋಯಿತೆಂದು ಬರೆಯುವುದಿಲ್ಲ. ಬರುವುದೂ ಅವರಿಗೆ ದುಡಿಮೆ. ಕೇಳಬೇಕೆಂಬ ಕರಾರು ಅದರಲ್ಲಿಲ್ಲ.

ವೇದಿಕೆಯ ಮೇಲೆ ಎಲ್ಲರೂ ಕೈ ಕೈ ಹಿಡಿದು ಮೇಲೆತ್ತುತ್ತಾರೆ. ಕೋಲಾರ ಕಾಂಗ್ರೆಸ್ಸಿನ ಬಣಗಳು ಆ ಚಿತ್ರಕ್ಕೂ ಮತಪೆಟ್ಟಿಗೆಗೂ ಇರುವ ದೂರವನ್ನು ಹಲವು ಸಲ ಅಳೆದು ತೋರಿಸಿವೆ. ವಿರೋಧಿಯನ್ನು ಸೋಲಿಸಲು ಭಾಷಣ ಬೇಕು. ಸ್ವಪಕ್ಷದವನನ್ನು ಸೋಲಿಸಲು ಮೌನ ಸಾಕು.

2022ರ ಜೂನ್ 10, ರಾಜ್ಯಸಭೆ ಮತದಾನ. ಕೋಲಾರದ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ಮತ ಹಾಕಿ ಹೊರಬಂದರು. ಏಕೆ ಎಂದು ಮೈಕು ಹಿಡಿದರೆ, ಅದು ನನಗೆ ಇಷ್ಟ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು. ಆ ವರ್ಷದ ಅತಿ ಚಿಕ್ಕ ರಾಜಕೀಯ ಭಾಷಣ; ಪ್ರಾಮಾಣಿಕತೆಯಲ್ಲೂ ಬಹುಶಃ ಅದಕ್ಕೇ ಮೊದಲ ಸ್ಥಾನ.

ಮುಳಬಾಗಿಲು 2018ರಲ್ಲಿ ಪಕ್ಷೇತರ ಎಚ್. ನಾಗೇಶ್ ಅವರನ್ನು ಗೆಲ್ಲಿಸಿತು. ಮೈತ್ರಿ ಸರ್ಕಾರದಲ್ಲಿ ಮಂತ್ರಿಯಾದರು, ಅದು ಬಿದ್ದ ಮೇಲೆ ಬಿಜೆಪಿ ಸರ್ಕಾರದಲ್ಲೂ ಮಂತ್ರಿಯಾದರು, 2023ರಲ್ಲಿ ಬೇರೆ ಊರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾದರು. ಪಕ್ಷಪಾತದ ಆರೋಪವೊಂದು ಅವರ ಮೇಲೆ ನಿಲ್ಲದು.

ಅನರ್ಹಗೊಂಡ ಮೇಲೆ, 2023ರ ಏಪ್ರಿಲ್ 16ರಂದು, ರಾಹುಲ್ ಗಾಂಧಿ ಮತ್ತೆ ಕೋಲಾರಕ್ಕೇ ಬಂದರು. ಬೇರೆ ಯಾವ ಊರಾದರೂ ಆಗಬಹುದಿತ್ತು. ಊರಿನ ಆಯ್ಕೆಯೇ ಅಂದಿನ ಭಾಷಣದ ಮೊದಲ ವಾಕ್ಯ.

ಅಂದು ಅವರು ಕೇಳಿದ್ದು ಜಾತಿಗಣತಿಯ ಅಂಕಿ: ಜನಸಂಖ್ಯೆಗೆ ತಕ್ಕ ಪಾಲು, ಶೇ 50ರ ಮಿತಿಗೆ ಅಂತ್ಯ. 2025ರ ಏಪ್ರಿಲ್ 30ರಂದು ಕೇಂದ್ರ ಸಂಪುಟ ಮುಂದಿನ ಜನಗಣತಿಯಲ್ಲಿ ಜಾತಿ ಎಣಿಸಲು ಒಪ್ಪಿತು. (ಮೋದಿ ಕೋಲಾರದಲ್ಲಿ ಹಾವಿನ ಮಾತಾಡಿ ಅಂದಿಗೆ ಸರಿಯಾಗಿ ಎರಡು ವರ್ಷ, ಕಾಕತಾಳೀಯಕ್ಕೂ ಹಾಸ್ಯಪ್ರಜ್ಞೆ ಇದೆ.) ಗಣತಿ ಬೇಕೋ ಬೇಡವೋ ಎಂಬ ವಾದ ಬೇರೆ. ಒಂದೇ ಊರಿನಲ್ಲಿ ಒಬ್ಬರೇ ಆಡಿದ ಎರಡು ಮಾತಿನಲ್ಲಿ ಒಂದು ಕೋರ್ಟಿಗೆ ಹೋಯಿತು, ಒಂದು ನೀತಿಯ ವಾದಕ್ಕೆ ಹೋಯಿತು. ಕೋಲಾರದ ಭಾಷಣ ಎಂದರೆ ದೇಶಕ್ಕೆ ಇಂದಿಗೂ ಮೊದಲನೆಯದೇ ನೆನಪು.

ನಗಿಸಿದ ಮಾತು, ನೋಯಿಸಿದ ಮಾತು ನೆನಪಿನಲ್ಲಿ ನಿಲ್ಲುತ್ತವೆ. ಲೆಕ್ಕದ ಮಾತಿಗೆ ಕಾಗದ ಬೇಕು.

ವಿರೋಧಿಯ ಪತ್ರಿಕೆಯನ್ನು ಪಕ್ಷಪಾತಿ ಎಂದು ಓದುವುದನ್ನು ಬಿಟ್ಟವನು, ತನ್ನ ಪತ್ರಿಕೆಯನ್ನು ಪಕ್ಷಪಾತಿ ಎಂದು ಗುರುತಿಸುವ ಶಕ್ತಿಯನ್ನೂ ಅಂದೇ ಬಿಟ್ಟಿರುತ್ತಾನೆ.

ತಮ್ಮವರು ಆಡಿದರೆ ಚಾಟಿ, ಅವರು ಆಡಿದರೆ ಅವಹೇಳನ. ಮಾತು ತೂಗುವ ಮೊದಲು ಆಡಿದವನ ಶಾಲಿನ ಬಣ್ಣ ನೋಡುವುದು ಸ್ಟುಡಿಯೊದಲ್ಲಿ ಮಾತ್ರ ಇರುವ ರೋಗವಲ್ಲ. ಟೀ ಅಂಗಡಿಯ ಬೆಂಚಿನಲ್ಲೂ ಇದೆ, ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲೂ ಇದೆ.

ನಿಷ್ಪಕ್ಷಪಾತ ಎಂದರೆ ಇಬ್ಬರಿಗೂ ಸಮನಾಗಿ ಬೈಯುವುದು ಎಂದು ಕೆಲವರು ತಿಳಿದಿದ್ದಾರೆ. ಇಬ್ಬರ ತಪ್ಪೂ ಸಮನಾಗಿರುವ ದಿನ ಮಾತ್ರ ಅದು ನ್ಯಾಯ.

ಮತದಾನ ಮುಗಿಯುವ 48 ಗಂಟೆ ಮೊದಲು ಬಹಿರಂಗ ಪ್ರಚಾರ ನಿಲ್ಲಬೇಕು, ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಕಲಮು. ಮೈಕು ನಿಲ್ಲುತ್ತದೆ. ಹಣ ನಡೆಯುವ ಹೊತ್ತು ಅದೇ.

ಆ ಎರಡು ದಿನ ಜಿಲ್ಲೆಯಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಜನ ತಮ್ಮ ತಮ್ಮಲ್ಲೇ ಮಾತಾಡುತ್ತಾರೆ: ಯಾರು ಸಾವಿಗೆ ಬಂದಿದ್ದರು, ಯಾರು ಫೋನು ಎತ್ತಲಿಲ್ಲ, ಯಾರ ಕಾಲದಲ್ಲಿ ರಸ್ತೆ ಆಯಿತು. ಚುನಾವಣೆಯ ನಿಜವಾದ ಚರ್ಚೆ ಅದು. ಅದಕ್ಕೆ ನೇರಪ್ರಸಾರವಿಲ್ಲ.

ಮತಗಟ್ಟೆ ಸಮೀಕ್ಷೆ ತಪ್ಪಿದರೆ ಮತದಾರ ಸುಳ್ಳು ಹೇಳಿದ ಎನ್ನುತ್ತಾರೆ. ಅಪರಿಚಿತನಿಗೆ ಗುಟ್ಟು ಹೇಳದವನನ್ನು ಬೇರೆಲ್ಲ ಕಡೆ ಜಾಣ ಎನ್ನುತ್ತಾರೆ.

2023ರಲ್ಲಿ ಮಾಲೂರಿನ ಅಂತರ 248 ಮತ. ಮರು ಎಣಿಕೆಯ ತಕರಾರು ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಲೆ ಇತ್ತು, ಅಲೆ ಇರಲಿಲ್ಲ ಎಂದು ವಾದಿಸಿದವರೆಲ್ಲರ ಲೆಕ್ಕದಿಂದ ಹೊರಗುಳಿದ 248 ಮಂದಿ. ಅವರಿಗೆ ಯಾವ ಭಾಷಣ ಹಿಡಿಸಿತೋ ಯಾರೂ ಕೇಳಿಲ್ಲ.

ಹಣ ಪಡೆದು ಸುದ್ದಿಯ ವೇಷದಲ್ಲಿ ಅಚ್ಚಾಗುವ ಪ್ರಚಾರವನ್ನು ಹಿಡಿಯಲು ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇದೆ. ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿಯಾಗಿ ಅದರ ಮುಖ್ಯಸ್ಥರು. ಸಮಿತಿ ಒಪ್ಪಿದರೆ ಆ ಸುದ್ದಿಯ ಬೆಲೆ ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. ಎರಡು ಪತ್ರಿಕೆಗಳಲ್ಲಿ ಒಂದೇ ಹೊಗಳಿಕೆ, ಅದೇ ಫೋಟೊ, ಅದೇ ಅಕ್ಷರತಪ್ಪು ಸಮೇತ ಕಂಡರೆ ಎರಡನ್ನೂ ಕತ್ತರಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಕತ್ತರಿಸುವಾಗ ಪುಟದ ಮೇಲಿನ ದಿನಾಂಕವನ್ನು ಬಿಡಬೇಡಿ.